ಬೆನ್ನ ಮೇಲಿನ ಹದಿನೆಂಟು ತಿಂಗಳು

'ಕೆಲವೊಮ್ಮೆ' ಎಂದು ಗುರುತು ಹಾಕಿದರೆ ಅದು ಸುಳ್ಳಾಗುತ್ತದೆಯೇ? ಪೂರ್ತಿ ಸುಳ್ಳೇನಲ್ಲ. ಯಾವ ಮಗುವೂ ಇಡೀ ದಿನ ನಡೆಯುತ್ತಲೇ ಇರುವುದಿಲ್ಲ. ಉಣ್ಣುತ್ತದೆ, ಮಲಗುತ್ತದೆ, ಗೋಡೆ ನೋಡುತ್ತ ಕೂರುತ್ತದೆ. ಹಾಗೆ ನೋಡಿದರೆ ತಾನೂ ಕೆಲವೊಮ್ಮೆ ಮಾತ್ರ ನಡೆಯುವವನು. ಆದರೆ 'ಕೆಲವೊಮ್ಮೆ' ಎಂದರೆ ಡಾಕ್ಟರು ಅಷ್ಟಕ್ಕೇ ಬಿಡುತ್ತಾರೆಯೇ? ಯಾವಾಗ, ಎಲ್ಲಿ, ಎಷ್ಟು ಹೆಜ್ಜೆ ಎಂದು ಕೆದಕುತ್ತಾರೆ. ಮಗಳು ಮಿರೆ ಪಕ್ಕದಲ್ಲೇ ಕೂತಿರುತ್ತಾಳೆ. ಹಾಗಾದರೆ 'ಇನ್ನೂ ಇಲ್ಲ' ಎನ್ನುವುದೇ ವಾಸಿ. ಅದು ಸುಳ್ಳು, ನಿಜ. ಆದರೆ ಒಂದೇ ಸುಳ್ಳು. 'ಕೆಲವೊಮ್ಮೆ' ಎಂದರೆ ಹತ್ತು ಹೇಳಬೇಕಾಗುತ್ತದೆ.

ಮನ್‌ಶಿಕ್ ಪೆನ್ಸಿಲಿನ ಹಿಂದಿನ ತುದಿಯನ್ನು ಕಚ್ಚಿಕೊಂಡು ಮತ್ತೆ ಓದಿದ. ಒಲಿಂಪಿಕ್ ರಸ್ತೆಯ ಮಕ್ಕಳ ಆಸ್ಪತ್ರೆಯವರು ಕಳಿಸಿದ ಹಾಳೆ ಅದು. ಅವನಂಥವರಿಗೆಂದೇ ಕೊರಿಯನ್ ಭಾಷೆಯಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದರು. ಹಾಗಾಗಿ ಅರ್ಥವಾಗಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. 'ನಿಮ್ಮ ಮಗು ಆಸರೆಯಿಲ್ಲದೆ ನಡೆಯುತ್ತದೆಯೇ? ಹೌದು. ಕೆಲವೊಮ್ಮೆ. ಇನ್ನೂ ಇಲ್ಲ.'

ಅದೇ ಹೊತ್ತಿಗೆ ಹಾಳೆಯಲ್ಲಿದ್ದ ಆ ಮಗು ಅನ್ನದ ಸಟ್ಟುಗವನ್ನು ಹೆಗಲ ಮೇಲಿಟ್ಟುಕೊಂಡು ಫ್ರಿಜ್ಜಿನಿಂದ ಒಲೆಗೆ, ಒಲೆಯಿಂದ ಫ್ರಿಜ್ಜಿಗೆ ಕಾವಲುಗಾರನ ಹಾಗೆ ಓಡಾಡುತ್ತಿತ್ತು.

"ಬೊಮಿ, ಒಂದ್ನಿಮಿಷ ಕೂತ್ಕೊಳ್ಳೇ ಪುಟ್ಟಾ. ನೀನು ಹೀಗೆ ಕಣ್ಮುಂದೆ ಓಡಾಡಿದ್ರೆ ತಾತ ಹೇಗೆ ಬರೀಲಿ?"

ಬೊಮಿ ಕೂರಲಿಲ್ಲ. ತಿರುಗಿ ನೋಡಿ, ಸಟ್ಟುಗವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಮುಂದೆ ಹೋದಳು.

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮಿರೆ ಹಾಳೆಯನ್ನು ಅವನ ಕೈಗೆ ಕೊಟ್ಟು ಹೇಳಿದ್ದಳು: "ಅಪ್ಪಾ, ಇದನ್ನ ನೀವೇ ತುಂಬಿ. ದಿನವೆಲ್ಲ ಅವಳನ್ನ ನೋಡೋರು ನೀವು. ನಾನು ಬರೆದ್ರೆ ಅರ್ಧ ಊಹೆ ಆಗತ್ತೆ. ನಾಳೆ ಹತ್ತು ಗಂಟೆಗೆ ಹೋಗ್ಬೇಕು, ಮರೀಬೇಡಿ." ಊಹೆ ಎನ್ನುವಾಗ ಅವಳ ದನಿ ಸ್ವಲ್ಪ ಇಳಿಯಿತು. ಮನ್‌ಶಿಕ್ ಅದನ್ನು ಗಮನಿಸಿದ. ಗಮನಿಸಿ, ಬೂಟು ಹುಡುಕುವವನ ಹಾಗೆ ಬಗ್ಗಿಕೊಂಡ.

ಮೂರು ವಾರ, ಮೇಲೊಂದು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ ಬೊಮಿ ಮೊದಲ ಸಲ ನಡೆದಳು. ಇದೇ ಅಡುಗೆಮನೆ. ಮನ್‌ಶಿಕ್ ಹುರಿದ ಕಡಲಪಾಚಿಯ ಹಾಳೆಗಳನ್ನು ಕತ್ತರಿಸುತ್ತಿದ್ದ. ವಾಸನೆ ಹಿಡಿದ ಮಗು ಕುರ್ಚಿಯ ಕಾಲನ್ನು ಬಿಟ್ಟು ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ಹಾಕಿ, ಅವನ ಪ್ಯಾಂಟನ್ನು ಹಿಡಿದುಕೊಂಡು ಬಾಯಿ ತೆರೆದು ನಿಂತಿತು. ಅವನ ಬಾಯಿಯೂ ತೆರೆದಿತ್ತು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಅವನು ಇಡೀ ಪೊಟ್ಟಣವನ್ನೇ ಅವಳಿಗೆ ಕೊಟ್ಟುಬಿಟ್ಟ.

ಆ ಸಂಜೆಯೇ ಹೇಳಬೇಕೆಂದಿದ್ದ. ಮಿರೆ ಕೆಲಸ ಮಾಡುವುದು ಹಲ್ಲಿನ ಲ್ಯಾಬಿನಲ್ಲಿ. ದಿನವಿಡೀ ಭೂತಗನ್ನಡಿಯ ಕೆಳಗೆ ಪಿಂಗಾಣಿ ಹಲ್ಲುಗಳನ್ನು ತಿದ್ದುವುದು. ಅಂದು ಕಣ್ಣು ಕೆಂಪಗೆ ಮಾಡಿಕೊಂಡು ಬಂದವಳು ಸೋಫಾದ ಮೇಲೆ ಹಾಗೇ ಒರಗಿದಳು. ನಾಳೆ ಹೇಳೋಣ ಎಂದುಕೊಂಡ. ಬಸ್ಸಿನಲ್ಲಿ ತನ್ನ ಒಂಟಿ ಕೋಣೆಗೆ ಹಿಂದಿರುಗುವಾಗ ಅವನಿಗೆ ಚರ್ಚಿನ ಶಿಶುವಿಹಾರ ನೆನಪಾಯಿತು. ಅಲ್ಲಿ ಬೊಮಿಗೆ ಒಂದು ಜಾಗ ಹಿಡಿದಿಟ್ಟಿದ್ದರು. ಆದರೆ ಅದು ನಡೆಯುವ ಮಕ್ಕಳ ಕೋಣೆ. ಮೇ ತಿಂಗಳ ಕೊನೆಯೊಳಗೆ ಮಗು ನಡೆದರೆ ಜಾಗ ಅವಳದು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ. ಮತ್ತೆ ಸೇರಿಸುವುದು ಸೆಪ್ಟೆಂಬರಿನಲ್ಲಿ. "ಅವಳು ನಡೆಯೋಕೆ ಶುರು ಮಾಡಿದ ದಿನ ನಿಮಗೆ ಬಿಡುಗಡೆ ಅಪ್ಪಾ," ಎಂದು ಮಿರೆ ಎಷ್ಟೋ ಸಲ ಹೇಳಿದ್ದಳು. "ನಿಮ್ಮ ಸೊಂಟ ನೋಡಿದ್ರೆ ನಂಗೆ ಪಾಪ ಅನ್ಸತ್ತೆ."

ಬಿಡುಗಡೆ. ಮನ್‌ಶಿಕ್ ಆ ಪದವನ್ನು ಬಸ್ಸಿನ ಕಿಟಕಿಯ ಮೇಲೆ ಉಸಿರಿನಂತೆ ಬಿಟ್ಟು ನೋಡಿದ. ಮೂವತ್ತೊಂದು ವರ್ಷ ಲಾಸ್ ಏಂಜಲೀಸಿನ ಬಟ್ಟೆ ಕಾರ್ಖಾನೆಗಳಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನಿಗೆ ಒಮ್ಮೆ ಬಿಡುಗಡೆ ಸಿಕ್ಕಿತ್ತು. ಹೆಂಡತಿ ಓಕ್‌ಬುನ್ ಹೋದ ಮೇಲೆ ಇನ್ನೊಂದು. ಎರಡರ ರುಚಿಯೂ ಅವನಿಗೆ ಗೊತ್ತಿತ್ತು. ಬುಧವಾರ ಅವನು ಹೇಳಲಿಲ್ಲ. ಗುರುವಾರವೂ ಹೇಳಲಿಲ್ಲ. ಒಂದು ವಾರ ಕಳೆದ ಮೇಲೆ ಹೇಳುವುದು ಹೇಳದಿರುವುದಕ್ಕಿಂತ ದೊಡ್ಡ ಕೆಲಸವಾಗಿಬಿಟ್ಟಿತು.

ಮುಚ್ಚಿಡುವುದು ಮಾತ್ರ ಅವನು ಹೆದರಿದಷ್ಟು ಕಷ್ಟವಾಗಲಿಲ್ಲ. ಒಂದು, ಪೊದೇಗಿ ಇತ್ತು: ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಹತ್ತಿಯ ಅಗಲ ಬಟ್ಟೆ. ಬೊಮಿಗೆ ನೂರು ದಿನ ತುಂಬಿದಾಗ ಅವನೇ ಕತ್ತರಿಸಿ ಹೊಲಿದದ್ದು, ಎರಡೆರಡು ಹೊಲಿಗೆ ಹಾಕಿ. ಇಬ್ಬರನ್ನು ಕಟ್ಟಿದರೂ ಹರಿಯದು. ಸಂಜೆ ಆರಕ್ಕೆ ಸರಿಯಾಗಿ ಮಗುವನ್ನು ಬೆನ್ನಿಗೇರಿಸಿ ಕಟ್ಟಿಕೊಂಡರೆ, ಆರೂ ಹತ್ತಕ್ಕೆ ಮಿರೆಯ ಕಾರು ಬರುವಾಗ ಬಾಗಿಲಲ್ಲಿ ಎರಡು ತಲೆಗಳು ಕಾಣುತ್ತಿದ್ದವು. ಎರಡನೆಯದು ಕಾಲುಚೀಲ. ಮಿರೆಯ ಮನೆಯಲ್ಲಿ ಮಗುವಿನ ಕಾಲು ತಣ್ಣಗಾಗಕೂಡದು. ಇದು ಓಕ್‌ಬುನ್‌ಳ ಕಾಲದ ಕಾನೂನು, ಮಗಳು ಅದನ್ನು ಇನ್ನಷ್ಟು ಬಿಗಿ ಮಾಡಿದ್ದಳು. ಹತ್ತಿ ತುಂಬಿದ ಆ ದಪ್ಪ ಕಾಲುಚೀಲ ಹಾಕಿದರೆ ನುಣ್ಣನೆಯ ಮರದ ನೆಲದ ಮೇಲೆ ಬೊಮಿ ಜಾರಿ ದೊಪ್ಪನೆ ಕೂರುತ್ತಿದ್ದಳು. ಕೂತವಳು ಅಂಬೆಗಾಲಿಡುವುದೇ ಸುಖವೆಂದು ಹಾಗೇ ಹೊರಡುತ್ತಿದ್ದಳು. ಶನಿವಾರ ಭಾನುವಾರ ಅವಳನ್ನು ನೋಡುವ ತಂದೆತಾಯಿಗೆ ಕಂಡದ್ದು ಅದೇ. ಸೋಮವಾರ ಬೆಳಿಗ್ಗೆ ಮಿರೆಯ ಕಾರು ತಿರುವು ದಾಟಿದ ಕೂಡಲೇ ತಾತ ಮೊಮ್ಮಗಳ ಕಾಲುಚೀಲ ಕಳಚುತ್ತಿದ್ದ. ಇಬ್ಬರ ರಾಜ್ಯಭಾರ ಶುರುವಾಗುತ್ತಿತ್ತು.

ಮೇ ಮುಗಿಯಲು ಇನ್ನು ಹತ್ತು ದಿನ. ಅಷ್ಟು ಕಳೆದರೆ ಸೆಪ್ಟೆಂಬರಿನವರೆಗೆ ಬೊಮಿ ತನ್ನವಳು.

ಮನ್‌ಶಿಕ್ 'ಇನ್ನೂ ಇಲ್ಲ' ಎಂಬ ಚೌಕದಲ್ಲಿ, ಬಟ್ಟೆಯ ಮೇಲೆ ಚಾಕಿನಿಂದ ಗೆರೆ ಎಳೆಯುವ ಹಾಗೆ, ಒಂದು ಸಣ್ಣ ಗುರುತು ಹಾಕಿದ. ಮುಂದಿನ ಪ್ರಶ್ನೆಗೆ ಹೋದ. 'ಕೆಳಗೆ ಬಿದ್ದ ಆಟಿಕೆಯನ್ನು ಬಗ್ಗಿ ಎತ್ತಿಕೊಂಡು ಮತ್ತೆ ನಿಲ್ಲುತ್ತದೆಯೇ?' ಇದೇನು ಪ್ರಶ್ನೆ! ಅವನಿಗೆ ಸ್ವಲ್ಪ ಅವಮಾನವೇ ಆಯಿತು. ಹೌದು. ಪಕ್ಕದಲ್ಲಿ 'ದಿನಕ್ಕೆ ನಲವತ್ತು ಸಲ' ಎಂದು ಸೇರಿಸಿದ. 'ಕೈ ಹಿಡಿದರೆ ಮೆಟ್ಟಿಲು ಹತ್ತುತ್ತದೆಯೇ?' ಹೌದು. 'ನಿಂತು ಚೆಂಡನ್ನು ಒದೆಯುತ್ತದೆಯೇ?' ಹೌದು, ಹೌದು. ಇನ್ನು ಯಾರದೋ ಮಗು ಒದೆಯದಿರಬಹುದು.

ಮರುದಿನ, ಗುರುವಾರ, ಡಾಕ್ಟರ್ ಕ್ವಾಕ್ ಹಾಳೆಯನ್ನು ಮೊದಲು ಬೇಗ ಓದಿದರು, ಆಮೇಲೆ ಮೆಲ್ಲಗೆ ಓದಿದರು, ಆಮೇಲೆ ಕೂದಲಿನ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಮೂರನೇ ಸಲ ಓದಿದರು. ಐವತ್ತು ದಾಟಿದ ಹೆಂಗಸು. ಮಿರೆ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಬೊಮಿ ತಾತನ ಬೆನ್ನ ಮೇಲಿದ್ದಳು.

"ಅಜ್ಜಾವ್ರೇ, ಇದನ್ನ ತುಂಬಿದ್ದು ತಾವೇನಾ?"

"ಹೌದು ಡಾಕ್ಟ್ರೇ."

"ಆಸರೆಯಿಲ್ಲದೆ ನಡೆಯೋದು, ಇನ್ನೂ ಇಲ್ಲ."

"ಹೂಂ."

"ನಿಂತು ಚೆಂಡು ಒದೆಯೋದು, ಹೌದು."

ಮನ್‌ಶಿಕ್ ಗೋಡೆಯ ಮೇಲಿದ್ದ ಜಿರಾಫೆಯ ಚಿತ್ರವನ್ನು ನೋಡಿದ. ಎತ್ತರ ಅಳೆಯಲು ಅದರ ಕುತ್ತಿಗೆಗೆ ಅಂಕಿಗಳನ್ನು ಬರೆದಿದ್ದರು.

"ನಡೆಯದ ಮಗು ಚೆಂಡು ಹೇಗೆ ಒದೆಯತ್ತೆ ಅಜ್ಜಾವ್ರೇ? ನಂಗೂ ಸ್ವಲ್ಪ ಹೇಳ್ಕೊಡಿ."

"ಬೆನ್ನ ಮೇಲಿಂದ ಒದೀತಾಳೆ," ಎಂದ ಅವನು. "ನನ್ನ ಸೊಂಟಾನೇ ಅವಳಿಗೆ ಚೆಂಡು. ಬೇಕಿದ್ರೆ ಅಂಗಿ ಎತ್ತಿ ತೋರಿಸ್ತೀನಿ."

"ಬೇಡ, ಬೇಡ." ಡಾಕ್ಟರು ನಕ್ಕರು. "ಮತ್ತೆ ಈ ಆಟಿಕೆ ಎತ್ತೋದು, ದಿನಕ್ಕೆ ನಲವತ್ತು ಸಲ?"

"ಅದು... ನಾನು ಬಗ್ತೀನಿ. ಅವಳು ಮೇಲಿಂದ ಎತ್ಕೋತಾಳೆ."

"ಮೆಟ್ಟಿಲೂ ಹಾಗೇ ಹತ್ತೋದೋ?"

"ಹತ್ತೋದು ಇಬ್ಬರೂನೇ. ಕಾಲು ನನ್ನವು."

ಡಾಕ್ಟರು ಮತ್ತೆ ನಕ್ಕರು. "ತಾತನ ಕಾಲು ಇಷ್ಟು ಚೆನ್ನಾಗಿ ನಡೀತಿರುವಾಗ ಇವಳಿಗೆ ತನ್ನವು ಯಾಕೆ ಬೇಕು ಹೇಳಿ!" ಮಿರೆ ನಗಲಿಲ್ಲ. ಅವಳು ನಗದಿದ್ದದ್ದು ಕೋಣೆಯಲ್ಲಿ ಬೇರೆಯೇ ಒಂದು ಸದ್ದಿನ ಹಾಗೆ ಕೇಳಿಸಿತು. ಡಾಕ್ಟರೂ ನಗು ನಿಲ್ಲಿಸಿ ಕೈ ತೊಳೆದುಕೊಂಡರು.

ಬೊಮಿಯನ್ನು ಇಳಿಸಿ, ಕಾಲುಚೀಲ ತೆಗೆದು, ತೊಡೆ, ಮಂಡಿ, ಪಾದ ಎಲ್ಲ ಮಡಿಸಿ ಬಿಡಿಸಿ ನೋಡಿದರು. ನೆಲಕ್ಕಿಳಿಸಿ ಬಣ್ಣದ ಗಿಲಕಿ ತೋರಿಸಿದರು. ನಡೆದುಬಿಡುತ್ತಾಳೆ ಎಂದು ಮನ್‌ಶಿಕ್‌ನ ಎದೆ ಹೊಡೆದುಕೊಂಡಿತು. ನಡೆದುಬಿಡಲಿ ಎಂದೂ ಹೊಡೆದುಕೊಂಡಿತು. ಎರಡರಲ್ಲಿ ಯಾವುದು ಮೊದಲು ಬಂತೆಂದು ಅವನಿಗೇ ತಿಳಿಯಲಿಲ್ಲ. ಬೊಮಿ ಬಿಳಿ ಕೋಟನ್ನು ನೋಡಿದಳು, ಗಿಲಕಿಯನ್ನು ನೋಡಿದಳು, ತುಟಿ ಸೊಟ್ಟ ಮಾಡಿ ನೆಲದ ಮೇಲೆ ಕೂತು, ತಾತನ ಕಡೆ ಎರಡೂ ಕೈ ಎತ್ತಿದಳು. "ಅಬುಬಾ!" ಬೆನ್ನಿಗೆ ಏರಿಸು ಎಂದು ಆಜ್ಞೆ.

"ಕೈಗೆ ಸಿಕ್ಕೋ ಮಟ್ಟಿಗೆ ಎಲ್ಲ ಸರಿಯಾಗಿದೆ ಅಮ್ಮಾ," ಎಂದು ಡಾಕ್ಟರು ಮಿರೆಗೆ ಹೇಳಿದರು. "ಕೆಲವು ಮಕ್ಕಳು ತಡಾನೇ. ಆದ್ರೆ ಹದಿನೆಂಟು ತಿಂಗಳಿಗೆ ನಡೀತಿಲ್ಲ ಅಂದ್ರೆ ನಾವು ಸುಮ್ನೆ ಕೂರಲ್ಲ. ಸೊಂಟದ್ದು ಒಂದು ಎಕ್ಸ್‌ರೇ, ಸ್ನಾಯುಗಳಿಗೆ ಒಂದು ರಕ್ತಪರೀಕ್ಷೆ. ಸೋಮವಾರ ಒಂಬತ್ತಕ್ಕೆ ಬನ್ನಿ. ಮಕ್ಕಳ ಬೆಳವಣಿಗೆ ನೋಡೋ ತಜ್ಞರಿಗೂ ಚೀಟಿ ಬರೀತೀನಿ. ಅಷ್ಟರೊಳಗೆ ನಡೆದ್ರೆ ಒಂದು ಫೋನ್ ಮಾಡಿ, ಎಲ್ಲ ಬೇಡ ಅನ್ನೋಣ." ಚೀಟಿಯ ಜೊತೆ ಕೊರಿಯನ್ ಭಾಷೆಯ ಒಂದು ಮಡಿಕೆ ಹಾಳೆಯನ್ನೂ ಕೊಟ್ಟು, ಮನ್‌ಶಿಕ್‌ನ ಕಡೆ ತಿರುಗಿದರು. "ಆ ಬಟ್ಟೆಗೂ ನಾಲ್ಕು ದಿನ ರಜ ಕೊಡಿ ಅಜ್ಜಾವ್ರೇ." ಅವರ ನೋಟ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅವನ ಮೇಲಿತ್ತು.

ಕಾರಿನಲ್ಲಿ ಮಿರೆ ಕೀಲಿ ತಿರುಗಿಸಲಿಲ್ಲ. ಮಡಿಕೆ ಹಾಳೆ ಬಿಡಿಸಿ ಓದತೊಡಗಿದಳು. 'ಹದಿನೆಂಟು ತಿಂಗಳಲ್ಲಿ ನಿಮ್ಮ ಮಗು.' ಅವಳು ಕೊರಿಯನ್ ಓದುವುದು ನಿಧಾನ. ತುಟಿ ಆಡಿಸುತ್ತ ಓದುತ್ತಾಳೆ, ಚಿಕ್ಕವಳಿದ್ದಾಗಿನ ಹಾಗೇ.

"'ಅಪಾಯವಿಲ್ಲದ ಜಾಗದಲ್ಲಿ ಮಗುವನ್ನು ಬರಿಗಾಲಲ್ಲಿ ನೆಲದ ಮೇಲೆ ಆಡಲು ಬಿಡಿ.' ಬರಿಗಾಲಲ್ಲಿ, ಅಪ್ಪಾ. ನಾನು ಒಂದಿನಾನೂ ಬಿಟ್ಟಿಲ್ಲ."

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಬಿಡೇ."

"ಹತ್ತು ವಾರಕ್ಕೇ ಕೆಲಸಕ್ಕೆ ಹೋದೆ. ಬಸುರೀಲಿ ಏಳು ತಿಂಗಳು ಆ ಲ್ಯಾಬಿನ ಧೂಳು ಕುಡ್ದೆ. ಮುಖಕ್ಕೆ ಬಟ್ಟೆ ಕಟ್ಕೊಂಡಿದ್ದೆ, ಆದ್ರೂ..." ಅವಳು ಹಾಳೆಯನ್ನು ಅದೇ ಮಡಿಕೆಯಲ್ಲಿ ಮಡಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ತಾನೇ ತಾಯಿ ಅವನೇ ಮಗು ಎಂಬಂತೆ ಹೇಳಿದಳು: "ಡಾಕ್ಟ್ರು ತಮಾಷೆಗೆ ಹೇಳಿದ್ದು. ನೀವು ಮನಸ್ಸಿಗೆ ಹಚ್ಕೋಬೇಡಿ. ನೀವು ಹೊತ್ತಿದ್ದರಿಂದ ಹೀಗಾಗಿಲ್ಲ. ನಿಮ್ಮಿಂದ ಏನೂ ಆಗಿಲ್ಲ ಅಪ್ಪಾ."

ಮನ್‌ಶಿಕ್ ಬಾಯಿ ತೆರೆದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಮೂರೇ ಪದ. ಅಷ್ಟರಲ್ಲಿ ಹಿಂದೆ ಜಾಗಕ್ಕಾಗಿ ಕಾದಿದ್ದ ಕಾರಿನವನು ಹಾರ್ನ್ ಒತ್ತಿದ. ಮಿರೆ ಕೀಲಿ ತಿರುಗಿಸಿದಳು.

ಮರುದಿನ ಶುಕ್ರವಾರ, ಪಾರ್ಕಿನ ಬೆಂಚಿನ ಮೇಲೆ ಮಾ ದಲ್‌ಸು ಈ ಕಥೆ ಕೇಳಿ ಕಾಫಿ ಲೋಟ ಕೆಳಗಿಟ್ಟ. ದಲ್‌ಸು ನಲವತ್ತು ವರ್ಷ ಬೂಟಿನ ಅಂಗಡಿ ನಡೆಸಿದವನು, ಈ ಗುಟ್ಟು ಗೊತ್ತಿದ್ದ ಒಬ್ಬನೇ ಮನುಷ್ಯ. ಬೊಮಿ ಬರಿಗಾಲಲ್ಲಿ ಹುಲ್ಲಿನ ಮೇಲೆ ಒಂದು ಪಾರಿವಾಳದ ಬೆನ್ನು ಹತ್ತಿದ್ದಳು.

"ಥೂ ನಿನ್ನ! ಮನುಷ್ಯನೇನೋ ನೀನು? ಮಗೂಗೆ ಸೂಜಿ ಚುಚ್ಚಿಸೋಕೆ ಹೊರಟಿದ್ದೀಯಲ್ಲೋ."

"ಚುಚ್ಚಿಸಲ್ಲ ಕಣೋ. ಅಷ್ಟರೊಳಗೆ ಹೇಳ್ತೀನಿ."

"ಏನಂತ ಹೇಳ್ತೀಯ? ತಪ್ಪಾಯ್ತಮ್ಮಾ, ನಿನ್ನ ಮಗಳನ್ನ ಕದ್ದು ಬೆನ್ನಿಗೆ ಹೊಲ್ಕೊಂಡಿದ್ದೆ ಅಂತಲಾ? ಮುಂದಿನ ಬೆಂಚಿನ ಅಜ್ಜೀರು ಮೊದಲೇ ನಿನ್ನ ನೋಡಿ ನಗ್ತಾರೆ, ಮೀಸೆ ಇರೋ ಸೊಸೆ ಅಂತ."

"ನಗ್ಲಿ ಬಿಡು. ಅವರ ಬೆನ್ನು ಖಾಲಿ, ಅದಕ್ಕೆ ಹೊಟ್ಟೆಕಿಚ್ಚು."

"ಬಾಯಿ ಮಾತ್ರ ಜೋರು." ದಲ್‌ಸು ಲೋಟ ಎತ್ತಿಕೊಂಡ. ಸ್ವಲ್ಪ ಹೊತ್ತು ಪಾರಿವಾಳವನ್ನು ನೋಡಿ ನಗತೊಡಗಿದ. "ಒಂದು ಮಾತು ಕೇಳ್ತೀಯಾ? ನಮ್ಮನೆ ಮೂರು ಮಕ್ಕಳೂ ಮೊದಲ ಹೆಜ್ಜೆ ಇಟ್ಟಿದ್ದು ಭಾನುವಾರ ಕಣೋ. ಮೂರೂ! ಭಾನುವಾರ ಮಧ್ಯಾಹ್ನ, ಚರ್ಚಿಂದ ಬಂದು ನಾನು ಊಟಕ್ಕೆ ಕೂತಾಗ. ದೇವರ ಲೀಲೆ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ದೆ. ಮೊನ್ನೆ ನಮ್ಮವಳಿಗೆ ಎಪ್ಪತ್ತು ತುಂಬ್ತಲ್ಲ, ಅವತ್ತು ಬಾಯಿ ಬಿಟ್ಲು ನೋಡು. ಅಂಗಡಿ ಮುಚ್ತಾ ಇದ್ದಿದ್ದು ಭಾನುವಾರ ಒಂದೇ ದಿನ ಅಲ್ವಾ? ಅವಳಿಗೆ ಗೊತ್ತಿತ್ತು. ದೊಡ್ಡವನು ಅಷ್ಟೊತ್ತಿಗೆ ಹತ್ತು ದಿನದಿಂದ ಓಡಾಡ್ತಿದ್ನಂತೆ! ನಾನು ಬೆಳಿಗ್ಗೆ ಅವನು ಏಳೋ ಮುಂಚೆ ಹೋಗ್ತಿದ್ದೆ, ಅವನು ಮಲಗಿದ ಮೇಲೆ ಬರ್ತಿದ್ದೆ. ನಾನು ಪೆದ್ದು ಪೆದ್ದಾಗಿ ಚಪ್ಪಾಳೆ ಹೊಡ್ದೆ."

ದಲ್‌ಸು ಹೊಟ್ಟೆ ಹಿಡಿದುಕೊಂಡು ನಕ್ಕ. ಮನ್‌ಶಿಕ್‌ ಕೂಡ ನಕ್ಕ; ಅರ್ಧದಲ್ಲೇ ನಗು ನಿಂತಿತು.

ಮಿರೆಯೂ ನಡೆದದ್ದು ಭಾನುವಾರ. ಅವನು ಕತ್ತರಿಸುವ ಮೇಜಿನ ಮುಂದೆ ವಾರಕ್ಕೆ ಆರು ದಿನ, ದಿನಕ್ಕೆ ಹದಿನಾಲ್ಕು ಗಂಟೆ ನಿಲ್ಲುತ್ತಿದ್ದ ಕಾಲ. ಓಕ್‌ಬುನ್ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, "ನೋಡಿ, ನೋಡಿ, ನಡೀತಿದಾಳೆ!" ಎಂದು ಕೂಗಿದ್ದಳು. ಅವನು ಪೇಪರು ಎಸೆದು ಎದ್ದಿದ್ದ. ಮೂವತ್ತೇಳು ವರ್ಷ ಅವನು ಅದನ್ನು ಹೇಳಿಕೊಂಡು ಬಂದಿದ್ದಾನೆ: ಮೊದಲು ನೋಡಿದವನು ನಾನೇ. ಹಾಗೆ ಹೇಳುವಾಗಲೆಲ್ಲ ಓಕ್‌ಬುನ್ ಏನು ಮಾಡುತ್ತಿದ್ದಳು? ಪೇರು ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ. ಒಂದು ಹೋಳನ್ನು ಅವನ ಕೈಗಿಡುತ್ತಿದ್ದಳು. ಅವಳು ಕೂಗಿದ್ದು ಮಗುವನ್ನು ನೋಡಿಕೊಂಡಲ್ಲ, ಅವನ ಮುಖವನ್ನು ನೋಡಿಕೊಂಡು ಎಂಬುದು ಇಷ್ಟು ವರ್ಷದ ಮೇಲೆ, ಪಾರ್ಕಿನ ಬೆಂಚಿನ ಮೇಲೆ ಅವನಿಗೆ ನೆನಪಾಯಿತು. ಕೇಳಲು ಈಗ ಅವಳಿರಲಿಲ್ಲ.

"ಏನೋ, ಸುಮ್ನಾಗ್ಬಿಟ್ಟೆ?"

"ಏನಿಲ್ಲ. ಪಾರಿವಾಳ ಹಾರೋಯ್ತು," ಎಂದ ಮನ್‌ಶಿಕ್.

ಆ ಸಂಜೆ ಅವನು ಪೊದೇಗಿಯನ್ನು ಕಪಾಟಿನ ಮೇಲಿನ ಅರೆಯಲ್ಲಿ ತುರುಕಿ, ಬೊಮಿಯನ್ನು ಬರಿಗಾಲಲ್ಲಿ ನೆಲದ ಮೇಲೆ ಬಿಟ್ಟು ಕಾದ. ಆರಾಗುವವರೆಗೆ ಬೊಮಿ ಒಂದು ಕ್ಷಣ ಕೂರಲಿಲ್ಲ. ಆರೂ ಹತ್ತಕ್ಕೆ ಕಾರಿನ ಸದ್ದಾಯಿತು. ಸದ್ದು ಕೇಳಿದ್ದೇ ತಡ, ಬೊಮಿ ಕೈಯಲ್ಲಿದ್ದುದನ್ನೆಲ್ಲ ಬಿಸಾಡಿ, ತಾತನ ಹಿಂದೆ ಬಂದು, ದೊಪ್ಪನೆ ಕೂತು, ಕೈ ಎತ್ತಿದಳು. "ಅಬುಬಾ!"

"ಇಲ್ಲ ಪುಟ್ಟಾ, ಇವತ್ತು ಇಲ್ಲ. ನಡಿ, ಅಮ್ಮನ ಹತ್ರ ನಡಿ."

"ಅಬುಬಾ! ಅಬುಬಾ!"

ಮೂರು ವಾರದ ತರಬೇತಿ. ಇಷ್ಟು ಚೆನ್ನಾಗಿ ಕಲಿತ ಶಿಷ್ಯರು ಅವನಿಗೆ ಕಾರ್ಖಾನೆಯಲ್ಲೂ ಸಿಕ್ಕಿರಲಿಲ್ಲ. ಮಿರೆ ಒಳಗೆ ಬಂದಾಗ ಕಂಡದ್ದು ಮಂಡಿಯೂರಿ ಬೇಡುತ್ತಿದ್ದ ಅಪ್ಪ, ನೆಲದ ಮೇಲೆ ಉರುಳಾಡಿ ಅಳುತ್ತಿದ್ದ ಮಗಳು. ಅವಳು ಏನೂ ಕೇಳದೆ ಮಗಳನ್ನು ಎತ್ತಿಕೊಂಡು, ಒಂದೊಂದೇ ಪಾದವನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಹಲ್ಲು ತಿದ್ದುವಾಗಿನ ನೋಟ ಅದು. ಎಲ್ಲಿ ಬಿರುಕಿದೆ ಎಂದು ಹುಡುಕುವುದು.

ಶನಿವಾರ ಮಿರೆಗೆ ಅರ್ಧ ದಿನದ ಕೆಲಸ. ಅಳಿಯ ತೆಗೊನ್ ತರಕಾರಿ ಲಾರಿ ಓಡಿಸುವವನು, ವಾರವೆಲ್ಲ ಊರೂರು ಸುತ್ತಿ ಶನಿವಾರ ಸಂಜೆ ಮನೆ ಸೇರುತ್ತಿದ್ದ. ಮಿರೆ ಅವನಿಗೆ ಫೋನಿನಲ್ಲೇ ವಿಷಯ ಹೇಳಿದ್ದಳು. ಬಂದವನೇ ಬಟ್ಟೆ ಬದಲಿಸದೆ ಅಡುಗೆಮನೆಯ ನೆಲದ ಮೇಲೆ ಕೂತು ಮಗಳಿಗೆ ಕೈ ಚಾಚಿದ. ಎಲ್ಲರೂ ಚಾಚಿದರು. ಕಡಲಪಾಚಿ ತೋರಿಸಿದರು. ಕನ್ನಡಿ ತೋರಿಸಿದರು. ತೆಗೊನ್ ನಾಯಿಯ ಹಾಗೆ ಬೊಗಳಿದ, ಕೋಳಿಯ ಹಾಗೆ ಕೂಗಿದ.

"ಇನ್ನೊಂದ್ಸಲ ಕೂಗಿ ಅಳಿಯಂದ್ರೇ," ಎಂದ ಮನ್‌ಶಿಕ್. "ಇನ್ನೇನು ಎದ್ದೇಳ್ತಾಳೆ."

"ಗಂಟಲು ಬಿತ್ತು ಮಾವಾ. ಈಗ ಮೊಟ್ಟೆ ಇಡೋದೊಂದೇ ಬಾಕಿ."

ಬೊಮಿ ಪ್ರದರ್ಶನವನ್ನೆಲ್ಲ ಕೂತಲ್ಲೇ ನೋಡಿ, ಚಪ್ಪಾಳೆ ತಟ್ಟಿ, ಕಡಲಪಾಚಿಯನ್ನು ಕೂತಲ್ಲಿಗೇ ತರಿಸಿಕೊಂಡು ತಿಂದಳು.

ಮಿರೆ ಎದ್ದು ಹೋಗಿ ಒಲೆಯ ಮೇಲಿದ್ದ ಹುದುಗಿಸಿದ ಸೋಯಾ ಸಾರನ್ನು ತಿರುವತೊಡಗಿದಳು. ಅವರಿಗೆ ಬೆನ್ನು ತಿರುಗಿಸಿ ನಿಂತಿದ್ದಳು. ತಿರುವಬೇಕಾದಷ್ಟು ತಿರುವಿದ ಮೇಲೂ ತಿರುವುತ್ತಲೇ ಇದ್ದಳು. ಅವಳ ಭುಜವನ್ನು ನೋಡುತ್ತ ಮನ್‌ಶಿಕ್ ಮೇಜಿನ ಮುಂದೆ ಕೂತ. ಆಸ್ಪತ್ರೆಯ ಚೀಟಿ ಮೇಜಿನ ಅಂಚಿನಲ್ಲಿತ್ತು. ಸೋಮವಾರ, ಒಂಬತ್ತು ಗಂಟೆ. ಬೊಮಿಯ ತೋಳು ಅವನ ಎರಡು ಬೆರಳಿನಷ್ಟು ದಪ್ಪ. ಅದರಲ್ಲಿ ಸೂಜಿ ಎಲ್ಲಿ ಹಿಡಿಯುತ್ತದೆ? ಮಿರೆ ಆ ತೋಳನ್ನು ಅಲುಗದಂತೆ ಹಿಡಿದುಕೊಳ್ಳಬೇಕಾಗುತ್ತದೆ. ಸೆಪ್ಟೆಂಬರಿನವರೆಗಿನ ದಿನಗಳೆಲ್ಲ ಅವನ ಕಣ್ಣ ಮುಂದೆ ಒಂದು ಸಲ ಸಾಲಾಗಿ ನಿಂತು, ಹೋದವು.

"ಮಿರೆ."

"ಹೂಂ, ಅಪ್ಪಾ."

"ಈ ಕಡೆ ತಿರುಗೇ. ನಿಂಗೊಂದು ಮಾತು ಹೇಳ್ಬೇಕು."

ಅವಳು ಸೌಟನ್ನು ಹಿಡಿದೇ ತಿರುಗಿದಳು. ಕಣ್ಣು ಒರೆಸಿಕೊಂಡಿರಲಿಲ್ಲ. ತೆಗೊನ್ ನೆಲದಿಂದಲೇ ತಲೆ ಎತ್ತಿದ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಮನ್‌ಶಿಕ್ ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟ, ಬಟ್ಟೆ ಹಾಸುವ ಮೊದಲು ಇಡುತ್ತಿದ್ದ ಹಾಗೆ.

"ಇಷ್ಟು ದಿನ ನಾನು..." ಎಂದ.

ದೊಡ್ಡವರೆಲ್ಲ ತನ್ನನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡದ್ದು ಬೊಮಿಗೆ ಬೇಸರವಾಗಿರಬೇಕು. ಅವಳು ಕುರ್ಚಿಯ ಕಾಲು ಹಿಡಿದು ಎದ್ದಳು. ಮೇಜಿನ ಅಂಚಿನಲ್ಲಿ ಕಾಗದವೊಂದು ಇಣುಕುತ್ತಿತ್ತು. ಎಳೆದುಕೊಂಡಳು. ಬಿದ್ದ ಕಾಗದವನ್ನು, ಕಿತ್ತಳೆ ಸಿಪ್ಪೆಯನ್ನು ಕಸದ ಡಬ್ಬಿಗೆ ಹಾಕುವುದನ್ನು ತಾತ ಹಗಲು ಹೊತ್ತು ಅವಳಿಗೆ ಕಲಿಸಿದ್ದ. ಹಾಕಿದರೆ ಮೆಚ್ಚಿ ತಲೆ ಸವರುತ್ತಿದ್ದ. ಬೊಮಿ ಆಸ್ಪತ್ರೆಯ ಚೀಟಿಯನ್ನು ಎದೆಗವಚಿಕೊಂಡು, ಅಪ್ಪನ ಚಾಚಿದ 	ಕಾಲನ್ನು ಸುತ್ತುಹಾಕಿ, ಅಮ್ಮನ ಪಕ್ಕದಿಂದ ಹಾದು, ಮೂಲೆಯ ಡಬ್ಬಿಯವರೆಗೆ ನಡೆದು ಹೋಗಿ, ಮುಚ್ಚಳ ಎತ್ತಿ, ಚೀಟಿಯನ್ನು ಒಳಗೆ ಹಾಕಿದಳು. ಮುಚ್ಚಳ ಮುಚ್ಚಿದಳು. ತಲೆ ಸವರಿಸಿಕೊಳ್ಳಲು ತಾತನ ಕಡೆ ನಡೆದುಕೊಂಡೇ ಹಿಂದಿರುಗಿದಳು.

ಸೌಟು ಕೆಳಗೆ ಬಿತ್ತು. ಮಿರೆ ಒಂದು ವಿಚಿತ್ರ ಸದ್ದು ಮಾಡಿದಳು. ಅಳುವೂ ಅಲ್ಲ, ನಗುವೂ ಅಲ್ಲ. ತೆಗೊನ್ ಬೊಮಿಯನ್ನು ಎತ್ತಿ ಎಸೆದು ಹಿಡಿದ, ಮತ್ತೆ ನೆಲಕ್ಕಿಳಿಸಿದ, ಮತ್ತೆ ನಡೆಸಿದ, ಫೋನಿನಲ್ಲಿ ವಿಡಿಯೊ ತೆಗೆದ, ಮಿರೆಯನ್ನು ಅಪ್ಪಿಕೊಂಡ, ಸಾರು ಉಕ್ಕಿದ್ದನ್ನು ನೋಡಿ ಒಲೆ ಆರಿಸಿದ. ಮಿರೆ ಡಬ್ಬಿಯಿಂದ ಚೀಟಿ ತೆಗೆದು, ಡಾಕ್ಟರ ನಂಬರು ಇದೆ ಎಂದು ಹೇಳುತ್ತ, ಕಿತ್ತಳೆ ರಸ ಒರೆಸಿದಳು. ಸೋಮವಾರ ಮೊದಲು ಅವರಿಗೆ ಫೋನು, ಆಮೇಲೆ ಚರ್ಚಿನ ಶಿಶುವಿಹಾರಕ್ಕೆ. ಜಾಗ ಇನ್ನೂ ಇದೆಯಲ್ಲ, ಇದೆಯಲ್ಲವೇ?

"ಇದೆ," ಎಂದ ಮನ್‌ಶಿಕ್. "ಮೂವತ್ತೊಂದರವರೆಗೆ ಇರತ್ತೆ."

"ಮೊದಲ್ನೇ ಸಲಕ್ಕೇ ಎಷ್ಟು ಹೆಜ್ಜೆ ಮಾವಾ! ಹನ್ನೊಂದು? ಹನ್ನೆರಡು?" ಎಂದ ತೆಗೊನ್. "ತಿರುಗಿ ಬೇರೆ ಬಂದ್ಲು! ಮುಚ್ಚಳ ಬೇರೆ ಹಾಕಿದ್ಲು!"

"ನಿಮ್ಮ ಮಗಳಲ್ವಾ ಅಳಿಯಂದ್ರೇ. ಡ್ರೈವರ್ ರಕ್ತ."

ಮಿರೆ ನೆಲದ ಮೇಲಿನ ಸೌಟು ಎತ್ತಿಕೊಂಡು ತೊಳೆದಳು. ತೊಳೆಯುತ್ತ ಒಮ್ಮೆ ಮಗಳ ಬರಿಗಾಲುಗಳನ್ನು ನೋಡಿದಳು, ಒಮ್ಮೆ ಕಸದ ಡಬ್ಬಿಯನ್ನು, ಆಮೇಲೆ ಅಪ್ಪನನ್ನು. ನಲ್ಲಿ ನಿಲ್ಲಿಸಿದಳು.

"ಅಪ್ಪಾ, ನೀವು ಏನೋ ಹೇಳ್ತಿದ್ರಲ್ಲ? ಇಷ್ಟು ದಿನ ನಾನು ಅಂತ?"

ಬೊಮಿ ಅವನ ಮಂಡಿಗೆ ತಲೆ ಒತ್ತಿಕೊಂಡು ನಿಂತಿದ್ದಳು. ಅವನು ಆ ತಲೆಯನ್ನು ಸವರಿದ.

"ಇಷ್ಟು ದಿನ ನಾನು ಬಾಯಿ ಬಿಟ್ಟಿರ್ಲಿಲ್ಲ. ನಿನ್ನ ಸಾರಿಗೆ ಉಪ್ಪು ಸಾಲದು ಕಣೇ."

ಮಿರೆ ಅವನನ್ನು ನೋಡುತ್ತ ನಿಂತಳು. ಬಹಳ ಹೊತ್ತೇನಲ್ಲ, ಆದರೆ ಒಂದು ಸಣ್ಣ ಹೊಲಿಗೆ ಹಾಕಿ ಮುಗಿಸುವಷ್ಟು ಹೊತ್ತು.

"ಹಾಕ್ತೀನಿ," ಎಂದಳು. ಉಪ್ಪಿನ ಡಬ್ಬಿ ತೆಗೆದುಕೊಳ್ಳಲು ತಿರುಗುವಾಗ ಅವಳ ಮುಖದಲ್ಲಿ ಏನಿತ್ತೆಂದು ಅವನಿಗೆ ಕಾಣಲಿಲ್ಲ.

ಊಟಕ್ಕೆ ಕೂತಾಗ ಅವಳು ಸಂಬಂಧಿಕರಿಗೆಲ್ಲ ಫೋನು ಮಾಡಿದಳು. ಎಲ್ಲರಿಗೂ ಒಂದೇ ಮಾತು: ಇವತ್ತು ನಡೆದಳು, ನಮ್ಮ ಕಣ್ಣೆದುರಿಗೇ, ಮೊದಲ ಸಲ. ಮನ್‌ಶಿಕ್ ಪ್ರತಿ ಸಲವೂ ತಲೆದೂಗಿದ. ಬೊಮಿ ಆಗಲೇ ಇಪ್ಪತ್ತೈದು ದಿನಗಳಿಂದ ನಡೆಯುತ್ತಿದ್ದಳು ಎಂಬುದನ್ನು ಅವನು ಮಗಳಿಗೆ ಎಂದೂ ಹೇಳಲಿಲ್ಲ.